13 ಕಂತು ಮುಗಿದವು, ಎಲ್ಲರಿಗೂ ಶರಣ್ರಿ

ನಿನ್ನೆ ಕೊನೆಯ ಕಂತು ಹೋಯಿತು. ಪಂಚಾಂಗವನ್ನು ಅಕ್ಷರ ಬಿಡದೆ ಪಾಲಿಸುವ ಒಬ್ಬ ಕಾಕಾನ ಕಥೆ ನಮ್ಮ ಕಲಬುರಗಿಯ ಕೇಬಲ್ ಚಾನೆಲ್‌ನಲ್ಲಿ 13 ಕಂತು ನಡೆಯುತ್ತದೆ ಅಂತ ಬರೆದ ನಾನೇ ನಂಬಿರಲಿಲ್ಲ.

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2018ರಲ್ಲಿ ಇಂಥದ್ದೇ ಒಂದು ಹಾಸ್ಯ ಬಂದಿತ್ತು. ಬೈಬಲ್ ಹೇಳಿದ್ದನ್ನೆಲ್ಲ ಹಾಗೆ ಹಾಗೇ ಪಾಲಿಸಲು ಹೊರಟವನ ಕಥೆ. ಉಣ್ಣೆ, ಲಿನನ್ ಬೆರೆತ ಬಟ್ಟೆ ತೊಡಬಾರದು ಅನ್ನುವುದು ಆ ಗ್ರಂಥದ ಒಂದು ನಿಯಮ. ಆ ಧಾರಾವಾಹಿ ಒಂದೇ ಸೀಸನ್ನಿಗೆ ನಿಂತುಹೋಯಿತು, ಅದಕ್ಕೇ ನನಗೆ ಪುಕುಪುಕು. ಆದರೆ ಅದರ ನಾಯಕ ಒಬ್ಬ ಪಾದ್ರಿಯ ಹತ್ತಿರ, ಒಬ್ಬ ಯಹೂದಿ ಗುರುವಿನ ಹತ್ತಿರ ಸಲಹೆ ಕೇಳುತ್ತಾನೆ. ನಾನೂ ಬ್ರಹ್ಮಪುರದ ನಮ್ಮ ಶಾಸ್ತ್ರಿಗಳ ಮನೆಗೆ ಹೋದೆ.

ಮೊದಲ ಶರಣು ಅವರಿಗೇ. ಸ್ಕ್ರಿಪ್ಟ್ ಓದಿ ಬೈತಾರೆ ಅಂದ್ಕೊಂಡಿದ್ದೆ. ಅವರು ಕೇಳಿದ್ದು, "ಸೋಮವಾರ ರಾಹುಕಾಲ ಏಳೂವರಿಗೆ ಅಂತ ಯಾರು ಹೇಳಿದ್ರಪಾ ನಿನಗ?" ಸೂರ್ಯ ಹುಟ್ಟಿ ಮುಳುಗುವವರೆಗಿನ ಹೊತ್ತನ್ನು 8 ಪಾಲು ಮಾಡಬೇಕು, ಸೋಮವಾರಕ್ಕೆ ಎರಡನೇ ಪಾಲು. ಕ್ಯಾಲೆಂಡರಿನ ಏಳೂವರೆ, ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ದಿನದ ಲೆಕ್ಕ. ಮೇ ತಿಂಗಳಲ್ಲಿ ನಮ್ಮಲ್ಲಿ ಸೂರ್ಯ ಅಷ್ಟು ಹೊತ್ತು ಕಾಯ್ತಾನಾ? ಅಂದರೆ 7:29ಕ್ಕೆ ಹೊಸ್ತಿಲು ದಾಟಿ ಗೆದ್ದೆ ಅಂತ ಬೀಗುತ್ತಿದ್ದ ನನ್ನ ಕಾಕಾ ಮೇ ಕೊನೆಯ ಸೋಮವಾರಗಳಲ್ಲಿ ಸರಿಯಾಗಿ ರಾಹುಕಾಲದಲ್ಲೇ ಮನೆ ಬಿಟ್ಟಿದ್ದ! ಜನ ಜಾಸ್ತಿ ನಕ್ಕಿದ್ದು ಆ ಕಂತಿಗೇ. ಶಾಸ್ತ್ರ ಗೊತ್ತಿಲ್ಲದ ನನ್ನಂಥವನಿಗೆ ಅದು ಎಲ್ಲಿ ಹೊಳೆಯಬೇಕು.

ಜೇವರ್ಗಿ ಬಸ್ಸಿನವರಿಗೂ ಶರಣು. ಗುರುವಾರ ದಕ್ಷಿಣಕ್ಕೆ ಶೂಲೆ, ಅಂದರೆ ಆ ದಿಕ್ಕಿಗೆ ಪ್ರಯಾಣ ಹೊರಡಬಾರದು; ಜೇವರ್ಗಿ ಇರೋದೇ ದಕ್ಷಿಣಕ್ಕೆ. ಹಾಗಾಗಿ ಕಾಕಾ ಸೀಟಿನ ಮೇಲೆ ಮೊಣಕಾಲೂರಿ, ಉತ್ತರಕ್ಕೆ ಮುಖ ಮಾಡಿ, ಹಿಂದಿನ ಸೀಟಿನವರನ್ನೇ ನೋಡುತ್ತಾ ಭೀಮಾ ಸೇತುವೆ ದಾಟುತ್ತಾನೆ. ಅಲ್ಲಿ ಕೂತಿದ್ದ ಅಜ್ಜಿ ನಮ್ಮ ನಟಿಯಲ್ಲ, ಸುಮ್ನೆ ಊರಿಗೆ ಹೊರಟವರು. "ನೀ ಆ ಕಡೀನೇ ನೋಡು ತಮ್ಮಾ, ಊರು ಬಂದ್ರ ನಾ ಹೇಳ್ತೀನಿ" ಅಂದದ್ದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ಮೂರನೇ ಕಂತಾದ ಮೇಲೆ ಫೋನುಗಳು ಶುರುವಾದವು. ಜಾಹೀರಾತಿನ ಒಂದು ಅಂಗಡಿ ಕೈಬಿಟ್ಟಿತು, ಎರಡು ವಾರ ಪ್ರಸಾರವೇ ಇಲ್ಲ. ಫೋನ್ ಮಾಡಿದವರಲ್ಲಿ ಒಬ್ಬರು ಬೈಯಲಿಲ್ಲ, ಪೂಜಾರಿಯ ಹೊಟ್ಟೆಯ ಜೋಕ್ ಯಾಕೆ ಬೇಕಿತ್ತು ಅಂತ ಮಾತ್ರ ಕೇಳಿದರು. ಬೇಕಿರಲಿಲ್ಲ. ಅದು ಅಗ್ಗದ ಜೋಕ್, ಕಿತ್ತು ಹಾಕಿದೆ. ಅವರಿಗೂ ಥ್ಯಾಂಕ್ಸ್. ಶಾಸ್ತ್ರಿಗಳು ತಾವೇ ಚಾನೆಲ್ ಆಫೀಸಿಗೆ ಬಂದು, "ನಗೋದು ಕಾಕಾನ ಹಟಕ್ಕರಿ, ಪಂಚಾಂಗಕ್ಕಲ್ಲ. ನಮ್ಮ ಮನ್ಯಾಗ ಎಲ್ಲರೂ ನೋಡ್ತೀವಿ" ಅಂದರು. ಮುಂದಿನ ವಾರ ಕಾಕಾ ಮತ್ತೆ ಬಂದ.

ಕೊನೆಗೆ ಅವ್ವನಿಗೆ. ಮುಂದಿನ ಸೀಸನ್ ಯಾವಾಗ ಅಂತ ಈಗಷ್ಟೇ ಕೇಳಿದಳು. ಈಗಲೇ ಬರೆಯೋಕೆ ಕೂಡ್ತೀನಿ ಅಂದೆ. "ಬುಧವಾರ ಹನ್ನೆರಡು ಹೊಡದದ, ಒಂದೂವರಿ ಆಗ್ಲಿ ತಡಿ" ಅಂದಳು. ಈ ಬರಹ ಹನ್ನೊಂದೂವರೆಗೇ ಶುರು ಮಾಡಿದ್ದು ಅವ್ವಾ, ಶುರುವಾಗಿದ್ದನ್ನು ಮುಂದುವರಿಸಬಹುದು. ಶಾಸ್ತ್ರಿಗಳನ್ನು ಕೇಳಿಯೇ ಹೇಳ್ತಿದ್ದೀನಿ.