ಏಜೆಂಟರ ಮಾತು ಸಾಕು, ಲೆಕ್ಕದ ಹಾಳೆ ತೋರಿಸಲಿ

ಮಾನ್ಯ ಸಂಪಾದಕರೇ,

ಮನೆ ಬಾಡಿಗೆಗೆ ಕೊಡುವ ಮುಂಚೆ ಬಾಡಿಗೆದಾರರ ಪೂರ್ವಾಪರ ಹೇಗೆ ವಿಚಾರಿಸಬೇಕು ಎಂದು ನಿಮ್ಮ ಪತ್ರಿಕೆಯ ಆಸ್ತಿ ಪುಟದಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಮನೆ ಒಂದು ಊರಲ್ಲಿ, ತಾವೊಂದು ಊರಲ್ಲಿ ಇರುವ ನನ್ನಂಥವರು ಬಾಡಿಗೆದಾರರ ಮುಖವನ್ನೇ ಸರಿಯಾಗಿ ನೋಡಿರುವುದಿಲ್ಲ. ಅವರನ್ನು ಹುಡುಕುವುದು, ಬಾಡಿಗೆ ವಸೂಲಿ ಮಾಡುವುದು, ನಲ್ಲಿ ಸೋರಿದರೆ ಜನ ಕಳಿಸುವುದು, ಎಲ್ಲಾ ಏಜೆಂಟರ ಕೈಯಲ್ಲಿ. ಆ ಏಜೆಂಟರ ಪೂರ್ವಾಪರ ವಿಚಾರಿಸುವವರು ಯಾರು? ಫೋನ್ ಮಾಡಿದಾಗ ಮೊದಲು ಎತ್ತಿದವರು, ಇಲ್ಲವೇ ಪಕ್ಕದ ಮನೆಯವರು ಹೇಳಿದವರು. ನಮ್ಮ ಆಯ್ಕೆ ಇಷ್ಟರಲ್ಲೇ ಮುಗಿಯುತ್ತದೆ, ಅಲ್ವಾ?

ನಾನು ಲೆಕ್ಕ ತಪಾಸಣೆಯ ಕೆಲಸದಲ್ಲಿದ್ದು ನಿವೃತ್ತಳಾದವಳು. ಕಾಗದ ನೋಡಿ ಮನುಷ್ಯರನ್ನು ಅಳೆಯುವುದು ಹಳೆಯ ಚಾಳಿ, ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಹೊಸ ಏಜೆಂಟರ ಹತ್ತಿರ ಹೋದಾಗ ಕಮಿಷನ್ ಎಷ್ಟು ಅಂತ ನಾನು ಕೊನೆಗೆ ಕೇಳುತ್ತೇನೆ. ಮೊದಲು ಕೇಳುವುದು ಇದು: ‘ನೀವು ಬೇರೆ ಯಾವುದಾದರೂ ಮಾಲೀಕರಿಗೆ ಕಳಿಸಿದ ಒಂದು ತಿಂಗಳ ಲೆಕ್ಕ ತೋರಿಸಿ. ಹೆಸರು, ವಿಳಾಸ ಮುಚ್ಚಿಬಿಡಿ, ನನಗದು ಬೇಡ.’

ಕೆಲವರು ತಬ್ಬಿಬ್ಬಾಗುತ್ತಾರೆ. ಕೆಲವರು ‘ಎಲ್ಲಾ ವಾಟ್ಸ್ಆ್ಯಪ್‌ನಲ್ಲೇ ಹೇಳಿಬಿಡ್ತೀವಿ ಮೇಡಂ’ ಅನ್ನುತ್ತಾರೆ. ಅಲ್ಲಿಗೆ ನನಗೆ ಬೇಕಾದ ಉತ್ತರ ಸಿಕ್ಕಿತು. ಹಾಳೆ ಕೊಟ್ಟವರ ಹತ್ತಿರ ಕೂತು ನೋಡುತ್ತೇನೆ. ಬಾಡಿಗೆ ಅವರ ಕೈಗೆ ಬಂದ ದಿನ ಯಾವುದು, ಮಾಲೀಕರಿಗೆ ಕಳಿಸಿದ ದಿನ ಯಾವುದು? ನಡುವೆ ವಾರಗಟ್ಟಲೆ ಅಂತರ ಇದ್ದರೆ ಆ ದುಡ್ಡು ಎಲ್ಲಿ ಓಡಾಡುತ್ತಿತ್ತು? ರಿಪೇರಿ ಖರ್ಚು ಒಂದೊಂದಾಗಿ ಬರೆದಿದೆಯೋ, ಇಲ್ಲ ‘ಸಣ್ಣಪುಟ್ಟ ರಿಪೇರಿ’ ಅಂತ ಒಂದೇ ಸಾಲಿನಲ್ಲಿ ಒಟ್ಟು ಹಾಕಿದೆಯೋ? ಬಿಲ್ ಲಗತ್ತಿಸಿದೆಯೋ?

ಬಿಲ್ ವಿಷಯ ಹೇಳಿಯೇ ಮುಂದೆ ಹೋಗುತ್ತೇನೆ. ಹಿಂದೆ ನಮ್ಮ ಮನೆ ನೋಡಿಕೊಳ್ಳುತ್ತಿದ್ದ ಏಜೆಂಟರು ಯಾರೆಂದು ಇಲ್ಲಿ ಹೇಳುವುದಿಲ್ಲ. ಮಾತು ಬಹಳ ನಯ. ಹಬ್ಬಕ್ಕೆ ತಪ್ಪದೆ ಶುಭಾಶಯ ಬರುತ್ತಿತ್ತು. ಬೇಸಿಗೆಯಲ್ಲಿ ಬಚ್ಚಲಿನ ನಲ್ಲಿ ಬದಲಾಯಿಸಿದ ಬಿಲ್ ಕಳಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಅಡುಗೆಮನೆಯ ಪೈಪ್ ಬದಲಾಯಿಸಿದ ಬಿಲ್ ಬಂತು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಒಂದೇ ಅಂಗಡಿ. ಒಂದೇ ಕೈಬರಹ. ಮೇಲೆ ಮೂಲೆಯಲ್ಲಿ ಅಚ್ಚಾದ ನಂಬರು ಒಂದರಲ್ಲಿ 41, ಇನ್ನೊಂದರಲ್ಲಿ 42. ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ ಆ ಅಂಗಡಿಯವರು ಮತ್ತೊಬ್ಬ ಗಿರಾಕಿಗೆ ಒಂದು ಬಿಲ್ ಕೂಡ ಹರಿದುಕೊಟ್ಟಿಲ್ಲ ಅಂತ ನಂಬಬೇಕು. ಇಲ್ಲವೇ ಬಿಲ್ ಪುಸ್ತಕ ಏಜೆಂಟರ ಡ್ರಾಯರಿನಲ್ಲಿದೆ ಅನ್ನಬೇಕು. ಬಾಡಿಗೆಗಿದ್ದ ಹುಡುಗಿಗೆ ಫೋನ್ ಮಾಡಿದೆ. ‘ನಲ್ಲಿ ನಾವೇ ಹಾಕಿಸಿಕೊಂಡ್ವಿ ಆಂಟಿ, ಕಾದು ಕಾದು ಸಾಕಾಯ್ತು’ ಅಂದಳು. ಪೈಪ್ ಇನ್ನೂ ಸೋರುತ್ತಲೇ ಇತ್ತಂತೆ. ಆ ತಿಂಗಳೇ ಆ ಏಜೆಂಟರಿಂದ ಮನೆಯ ಉಸ್ತುವಾರಿ ಬಿಡಿಸಿಕೊಂಡೆವು.

ಇದರಿಂದ ಏಜೆಂಟರೆಲ್ಲಾ ಕಳ್ಳರು ಅಂತ ನಾನು ಹೇಳಲು ಹೊರಟಿಲ್ಲ. ಕಳ್ಳತನ ಸಿಕ್ಕಿಬೀಳುತ್ತದೆ. ಅವರಿಗೆ ದುಡ್ಡು ಸಿಗುವ ರೀತಿಯೇ ಕಣ್ಣಿಗೆ ಬೀಳದೆ ನಮಗೆ ಜಾಸ್ತಿ ನಷ್ಟ ಮಾಡುತ್ತದೆ. ವ್ಯವಹಾರ ಮುಗಿದರೆ ಕಮಿಷನ್, ಮುಗಿಯದಿದ್ದರೆ ಏನೂ ಇಲ್ಲ. ಮನೆ ಮಾರಿಸಿಕೊಟ್ಟರೆ ಕಮಿಷನ್ ನೂರಕ್ಕೆ ಎರಡು ಅಂದುಕೊಳ್ಳಿ. ನಿಮ್ಮ ಮನೆ ನೂರು ರೂಪಾಯಿ ಜಾಸ್ತಿಗೆ ಹೋದರೆ ತೊಂಬತ್ತೆಂಟು ನಿಮಗೆ, ಎರಡು ಅವರಿಗೆ. ಆ ಎರಡಕ್ಕಾಗಿ ಇನ್ನೊಂದು ವಾರ ಗಿರಾಕಿಗಳನ್ನು ಕರೆದುಕೊಂಡು ಅಲೆಯಬೇಕು. ಯಾರಿಗೆ ಬೇಕು? ‘ಒಳ್ಳೆ ರೇಟು, ಕೊಟ್ಟುಬಿಡಿ’ ಅನ್ನುವುದೇ ಸುಲಭ.

ಇದು ನನ್ನ ಊಹೆಯಲ್ಲ. ಸ್ಟೀವನ್ ಲೆವಿಟ್, ಚ್ಯಾಡ್ ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಷಿಕಾಗೊ ಸೀಮೆಯ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ತೆಗೆದು ನೋಡಿದರು. 2008ರಲ್ಲಿ ಅದು ಪ್ರಕಟವಾಯಿತು. ಆ ಮಾರಾಟಗಳಲ್ಲಿ ಏಜೆಂಟರ ಸ್ವಂತ ಮನೆಗಳೂ ಇದ್ದವು. ಅಂಥದ್ದೇ ಬೇರೆ ಮನೆಗಳಿಗೆ ಹೋಲಿಸಿದರೆ ಅವು ಸರಾಸರಿ ಒಂಬತ್ತೂವರೆ ದಿನ ಜಾಸ್ತಿ ಕಾದು, ಶೇ 3.7ರಷ್ಟು ಹೆಚ್ಚಿನ ಬೆಲೆಗೆ ಹೋಗಿದ್ದವು. ಕಾದರೆ ಬೆಲೆ ಬರುತ್ತದೆ ಅಂತ ಅವರಿಗೆ ಗೊತ್ತು. ಸ್ವಂತ ಮನೆಗೆ ಕಾಯುತ್ತಾರೆ, ನಮ್ಮ ಮನೆಗೆ ಅವಸರ ಮಾಡುತ್ತಾರೆ.

ಮಾರುವವರಿಗೆ ಇನ್ನೊಂದು ಗಾಳವಿದೆ. ಮೂರು ಜನರನ್ನು ಕೇಳಿ, ಒಬ್ಬರು ಉಳಿದಿಬ್ಬರಿಗಿಂತ ಬಹಳ ಮೇಲಿನ ಬೆಲೆ ಹೇಳುತ್ತಾರೆ. ನಾವು ಖುಷಿಯಾಗಿ ಅವರಿಗೇ ಕೊಡುತ್ತೇವೆ. ಇಂತಿಷ್ಟು ತಿಂಗಳು ಬೇರೆಯವರಿಗೆ ಕೊಡುವುದಿಲ್ಲ ಅಂತ ಸಹಿ ಬೀಳುತ್ತದೆ. ಆಮೇಲೆ ಶುರು: ‘ಮಾರ್ಕೆಟ್ ಡಲ್ ಇದೆ, ಸ್ವಲ್ಪ ಇಳಿಸೋಣ.’ ಕೊನೆಗೆ ಉಳಿದಿಬ್ಬರು ಹೇಳಿದ್ದಕ್ಕಿಂತ ಕೆಳಗೆ ಬಂದು ನಿಲ್ಲುತ್ತದೆ. ಹಾಗಾಗಿ ನಮ್ಮ ಮನೆಗೆ ಎಷ್ಟು ಬರುತ್ತದೆ ಅಂತ ಕೇಳಿ ಉಪಯೋಗವಿಲ್ಲ. ಈಚೆಗೆ ಮಾರಿಸಿಕೊಟ್ಟ ಮನೆಗಳಿಗೆ ಮೊದಲು ಎಷ್ಟು ಹೇಳಿದ್ದಿರಿ, ಕೊನೆಗೆ ಎಷ್ಟಕ್ಕೆ ಹೋಯಿತು, ಎಷ್ಟು ದಿನ ಹಿಡಿಯಿತು ಅಂತ ಕೇಳಬೇಕು. ಈ ಮೂರಕ್ಕೂ ತಡವರಿಸದೆ ಉತ್ತರ ಕೊಡುವವರು ಲೆಕ್ಕ ಇಟ್ಟವರು.

ಆಮೇಲೆ ಬೀಗದ ಕೈ. ಏಜೆಂಟರ ಆಫೀಸಿಗೆ ಕಾಲಿಟ್ಟ ಕೂಡಲೇ ನಾನು ಗೋಡೆ ನೋಡುತ್ತೇನೆ. ಒಂದು ಕಡೆ ಬಾಗಿಲ ಪಕ್ಕದಲ್ಲೇ ಮೊಳೆ ಹೊಡೆದ ಹಲಗೆ ಇತ್ತು. ಒಂದೊಂದು ಮೊಳೆಗೂ ಒಂದೊಂದು ಗೊಂಚಲು, ಗೊಂಚಲಿಗೆ ಕಟ್ಟಿದ ಚೀಟಿಯಲ್ಲಿ ಮನೆಯ ಪೂರ್ತಿ ವಿಳಾಸ. ಕಾಫಿ ಕೊಡಲು ಬಂದ ಹುಡುಗನೂ ಕಣ್ಣು ಹಾಯಿಸಿ ಓದಬಹುದು. ಇನ್ನೊಂದು ಕಡೆ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರು. ಚೀಟಿಯಲ್ಲಿ ಬರೀ ನಂಬರು, ಯಾವ ನಂಬರು ಯಾವ ಮನೆ ಅನ್ನುವುದು ಬೇರೆ ಪುಸ್ತಕದಲ್ಲಿ. ಯಾರು ಯಾವಾಗ ತೆಗೆದುಕೊಂಡು ಹೋದರು, ಯಾವಾಗ ತಂದಿಟ್ಟರು ಅಂತ ಸಹಿ ಸಮೇತ ಬರೆದಿತ್ತು. ಆ ಪುಸ್ತಕದ ಅಂಚು ಕೈ ತಾಗಿ ತಾಗಿ ಕಪ್ಪಾಗಿತ್ತು. ದಿನಾ ಬಳಸುತ್ತಾರೆ ಅನ್ನುವುದಕ್ಕೆ ಅದೇ ಸಾಕ್ಷಿ. ನಮ್ಮ ಮನೆ ಈಗ ಅವರ ಕೈಯಲ್ಲಿದೆ.

ಆ ಏಜೆನ್ಸಿಯ ಯಜಮಾನರು ಸ್ವಲ್ಪ ಒರಟು. ನಾನು ಹೇಳಿದ ಬಾಡಿಗೆ ಕೇಳಿ, ‘ಬರಲ್ಲ’ ಅಂದುಬಿಟ್ಟರು. ಸುಮ್ನೆ ಅಂದದ್ದಲ್ಲ, ಕಾಗದ ತೆಗೆದು ಲೆಕ್ಕ ಬರೆದರು. ಲೆಕ್ಕಕ್ಕೆ ಬಾಡಿಗೆ ನೂರು ಅಂತ ಇಟ್ಟುಕೊಳ್ಳಿ, ತಿಂಗಳಿಗೆ ನೂರರಂತೆ ಹನ್ನೆರಡು ತಿಂಗಳು ಅಂದರೆ ಸಾವಿರದ ಇನ್ನೂರು. ನೂರಾ ಎಂಟೇ ಬೇಕು ಅಂತ ಕೂತು ಒಂದು ತಿಂಗಳು ಮನೆ ಖಾಲಿ ಬಿದ್ದರೆ ಹನ್ನೊಂದು ತಿಂಗಳಿಗೆ ಸಾವಿರದ ನೂರಾ ಎಂಬತ್ತೆಂಟು. ವರ್ಷದ ಕೊನೆಗೆ ನಷ್ಟವೇ. ಲೆಕ್ಕದವಳಿಗೇ ಲೆಕ್ಕ ಹೇಳಿಕೊಟ್ಟರು ಅಂತ ಸ್ವಲ್ಪ ಸಿಟ್ಟು ಬಂದದ್ದು ನಿಜ. ಆದರೆ ಇವರೂ ಅವಸರ ಮಾಡುತ್ತಿದ್ದಾರಾ, ಇಲ್ಲ ನಿಜ ಹೇಳುತ್ತಿದ್ದಾರಾ ಅಂತ ಆ ಕಾಗದ ನೋಡಿದರೆ ನನಗೇ ತಿಳಿಯುತ್ತಿತ್ತು. ಬರೀ ‘ನನ್ನನ್ನು ನಂಬಿ’ ಅಂದಿದ್ದರೆ ತಿಳಿಯುತ್ತಿರಲಿಲ್ಲ.

ಹಳೆಯ ಮಾಲೀಕರ ನಂಬರು ಕೇಳಿ ವಿಚಾರಿಸಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಏಜೆಂಟರು ಕೊಡುವುದು ತಮ್ಮನ್ನು ಹೊಗಳುವವರ ನಂಬರನ್ನೇ. ಅವರು ನೋಡಿಕೊಳ್ಳುವ ಮನೆಗಳಲ್ಲಿ ಬಾಡಿಗೆಗಿರುವವರನ್ನು ಮಾತಾಡಿಸಿ. ದೂರು ಕೊಟ್ಟ ಎಷ್ಟು ದಿನಕ್ಕೆ ಪ್ಲಂಬರ್ ಬಂದ, ಮನೆ ಬಿಡುವಾಗ ಅಡ್ವಾನ್ಸ್ ವಾಪಸ್ ಕೊಡಲು ಎಷ್ಟು ಸತಾಯಿಸಿದರು, ಇದೆಲ್ಲಾ ಗೊತ್ತಿರುವುದು ಅವರಿಗೆ. ಬಾಡಿಗೆದಾರರನ್ನು ಗೋಳು ಹುಯ್ದುಕೊಳ್ಳುವ ಏಜೆಂಟರಿಂದ ಮಾಲೀಕರಿಗೂ ಲಾಭವಿಲ್ಲ. ಒಳ್ಳೆಯವರು ಬಿಟ್ಟುಹೋಗುತ್ತಾರೆ, ಮನೆ ಮತ್ತೆ ಖಾಲಿ, ಏಜೆಂಟರಿಗೆ ಮತ್ತೆ ಕಮಿಷನ್.

ಇನ್ನೊಂದು ಉಪಾಯ, ಅವರು ಹಾಕಿರುವ ಯಾವುದಾದರೂ ಜಾಹೀರಾತು ನೋಡಿ ನೀವೇ ಗಿರಾಕಿಯಂತೆ ಫೋನ್ ಮಾಡಿ. ‘ಅದು ಹೋಯ್ತು, ಬೇರೆ ತೋರಿಸ್ತೀನಿ’ ಅಂದರೆ, ನಾಳೆ ನಿಮ್ಮ ಮನೆಯ ಫೋಟೋ ಕೂಡ ಬೇರೆಯವರ ಮನೆ ತೋರಿಸಲು ಗಾಳವಾಗುತ್ತದೆ.

ಕಮಿಷನ್ ಯಾರಿಂದ ತೆಗೆದುಕೊಳ್ಳುತ್ತೀರಿ ಅಂತ ನೇರವಾಗಿ ಕೇಳಿ. ಎರಡೂ ಕಡೆಯಿಂದ ತೆಗೆದುಕೊಳ್ಳುವವರು ಯಾರ ಪರ? ಒಂದೊಂದು ದೇಶದಲ್ಲಿ ಇದಕ್ಕೆ ಒಂದೊಂದು ನಿಯಮವಿದೆ. ಜರ್ಮನಿಯಲ್ಲಿ 2015ರಿಂದ ಬಾಡಿಗೆ ಮನೆಯ ವಿಷಯದಲ್ಲಿ ಏಜೆಂಟರನ್ನು ಯಾರು ಕರೆದರೋ ಅವರೇ ಕಮಿಷನ್ ಕೊಡಬೇಕು. ಇಂಗ್ಲೆಂಡಿನಲ್ಲಿ 2019ರ ಏಪ್ರಿಲ್‌ನಿಂದ, ಮಾಲೀಕರ ಮತ್ತು ಬಾಡಿಗೆದಾರರ ದುಡ್ಡು ಇಟ್ಟುಕೊಳ್ಳುವ ಬಾಡಿಗೆ ಏಜೆಂಟರು ಆ ದುಡ್ಡಿಗೆ ರಕ್ಷಣೆ ಕೊಡುವ ಯೋಜನೆಗೆ ಸೇರಲೇಬೇಕು. ಏಜೆನ್ಸಿ ಬಾಗಿಲು ಹಾಕಿದರೂ ದುಡ್ಡು ಮುಳುಗಬಾರದು ಅನ್ನುವುದು ಉದ್ದೇಶ. ನಮ್ಮಲ್ಲಿ 2016ರ ರೇರಾ ಕಾಯ್ದೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ನೋಂದಾಯಿತ ಕಟ್ಟಡ, ನಿವೇಶನ ಯೋಜನೆಗಳಲ್ಲಿ ಮಾರಾಟ ಮಾಡಿಸುವ ಏಜೆಂಟರೂ ನೋಂದಣಿ ಮಾಡಿಸಬೇಕು, ಲೆಕ್ಕದ ಪುಸ್ತಕ ಇಡಬೇಕು ಅನ್ನುತ್ತದೆ. ಬಾಡಿಗೆ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಕಾನೂನು ಇಲ್ಲದ ಕಡೆ ಅಗ್ರಿಮೆಂಟೇ ಕಾನೂನು.

ಆ ಅಗ್ರಿಮೆಂಟನ್ನು ಕೂತು ಓದಬೇಕು. ನನ್ನನ್ನು ಕೇಳದೆ ರಿಪೇರಿಗೆ ಎಷ್ಟರವರೆಗೆ ಖರ್ಚು ಮಾಡಬಹುದು? ಅದೇ ಬಾಡಿಗೆದಾರರು ಮುಂದುವರಿದರೆ ಪ್ರತಿ ವರ್ಷ ಮತ್ತೆ ಕಮಿಷನ್ ಇದೆಯಾ? ನಾನೇ ನನ್ನ ತಮ್ಮನಿಗೆ ಮನೆ ಮಾರಿದರೂ ಇವರಿಗೆ ಕೊಡಬೇಕಾ? ಬೇಡ ಅನ್ನಿಸಿದರೆ ಎಷ್ಟು ದಿನದ ನೋಟಿಸ್? ಅಡ್ವಾನ್ಸ್ ಯಾರ ಖಾತೆಯಲ್ಲಿರುತ್ತದೆ? ನಮ್ಮ ಖಾತೆಗೇ ಬರಲಿ, ಇಲ್ಲದಿದ್ದರೆ ಅವರ ಆಫೀಸ್ ಖರ್ಚಿನ ಖಾತೆಗೆ ಸೇರದ ಪ್ರತ್ಯೇಕ ಖಾತೆಯಲ್ಲಿರಲಿ. ಪವರ್ ಆಫ್ ಅಟಾರ್ನಿ ಕೊಡಲೇಬೇಕಾದ ಸಂದರ್ಭ ಬಂದರೆ ಬಾಡಿಗೆ ಕರಾರಿಗೆ ಸಹಿ ಹಾಕಲು ಮಾತ್ರ ಅಂತ ಸ್ಪಷ್ಟವಾಗಿ ಬರೆಸಿ. ಮಾರುವ, ಅಡವಿಡುವ ಅಧಿಕಾರ ಅದರೊಳಗೆ ನುಸುಳಿದೆಯಾ ಅಂತ ವಕೀಲರಿಗೆ ತೋರಿಸಿ.

ಕಡಿಮೆ ಕಮಿಷನ್ ಅಂತ ಹೋಗುವವರನ್ನು ನಾನು ತಡೆಯುವುದಿಲ್ಲ. ಕಮ್ಮಿ ಕಮಿಷನ್ನಿನವರು ಉಳಿದದ್ದನ್ನು ರಿಪೇರಿಯ ಸಾಲಿನಲ್ಲಿ ತುಂಬಿಕೊಳ್ಳುತ್ತಾರಾ ಅಂತ ನೋಡಿಕೊಂಡರೆ ಸಾಕು.

ಕೊನೆಗೆ ನಿಮ್ಮಲ್ಲೇ ಒಂದು ಕೋರಿಕೆ. ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತುಗಳಲ್ಲಿ ಏಜೆಂಟರದ್ದು ಬರೀ ಮೊಬೈಲ್ ನಂಬರು ಇರುತ್ತದೆ. ಹೆಸರಿಲ್ಲ, ಆಫೀಸಿಲ್ಲ. ಜಾಹೀರಾತು ಹಾಕಿದವರು ಮಾಲೀಕರೋ ಏಜೆಂಟರೋ ಅನ್ನುವುದೂ ಗೊತ್ತಾಗುವುದಿಲ್ಲ. ಏಜೆಂಟರಾದರೆ ‘ಏಜೆಂಟ್’ ಅಂತ ಹಾಕಿಸಿ. ನೋಂದಣಿ ಇದ್ದವರ ನೋಂದಣಿ ಸಂಖ್ಯೆ, ಇಲ್ಲದವರ ಆಫೀಸಿನ ವಿಳಾಸ ಕಡ್ಡಾಯ ಮಾಡಿ. ಜಾಹೀರಾತಿಗೆ ಒಂದು ಸಾಲು ಜಾಸ್ತಿಯಾಗುತ್ತದೆ, ಅದರ ದುಡ್ಡು ನಿಮಗೇ ಬರುತ್ತದೆ.

ಇಂತಿ,
ಆಸ್ತಿ ಪುಟ ತಪ್ಪದೆ ಓದುವ ಓದುಗರಲ್ಲೊಬ್ಬಳು