ಕೆಮ್ಮಿಗೆ ಇಟ್ಟಿಗೆ ಮದ್ದು

ದಾವಣಗೆರೆ, ಭಾನುವಾರ

ಚಿ. ಪ್ರಮೋದನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಜಾಸ್ತಿ. ಕೇಳಿದರೆ "ಬೆಂಗಳೂರಿನ ಧೂಳು ದೊಡ್ಡಮ್ಮ" ಅಂದುಬಿಟ್ಟೆ. ಮೂರು ತಿಂಗಳಿಂದ ಬರೀ ಧೂಳೇ? ಎಂಟು ವಾರ ದಾಟಿದ ಕೆಮ್ಮನ್ನು ಡಾಕ್ಟರುಗಳು ಹಳೇ ಕೆಮ್ಮಿನ ಲೆಕ್ಕಕ್ಕೆ ಸೇರಿಸುತ್ತಾರೆ, ಕಾರಣ ಹುಡುಕುತ್ತಾರೆ. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಅಂದು ಮರೆಯುತ್ತೀಯ. ಅದಕ್ಕೇ ಈ ಕಾಗದ.

ನನ್ನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ನಿವೃತ್ತಿಯ ಹಿಂದಿನ ವರ್ಷ ನನಗೂ ಹೀಗೇ ಒಣ ಕೆಮ್ಮು ಹತ್ತಿತ್ತು. ಕಫ ಇಲ್ಲ, ಜ್ವರ ಇಲ್ಲ. ಪಾಠದ ನಡುವೆ ಗಂಟಲು ಕೆರೆದು ಮಾತೇ ನಿಂತುಹೋಗುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ನನ್ನ ಕೆಮ್ಮಿನ ಲೆಕ್ಕ ಇಡುತ್ತಿದ್ದರು. ತಿದ್ದಲು ತಂದಾಗ ಸಿಕ್ಕಿಬಿದ್ದರು! ಚಾಕ್‌ಪೀಸಿನ ಪುಡಿ ಇರಬೇಕು ಅಂದುಕೊಂಡೆ. ಮೂರು ಬಾಟಲಿ ಸಿರಪ್ಪು ಖಾಲಿಯಾಯಿತು. ನಿಮ್ಮಜ್ಜಿ ದಿನಾ ಮಲಗುವ ಹೊತ್ತಿಗೆ ಮೆಣಸಿನ ಕಷಾಯ ಕಾಸಿ ಕೊಡುತ್ತಿದ್ದಳು. ಅದನ್ನು ಕುಡಿದ ರಾತ್ರಿಯೇ ಕೆಮ್ಮು ಜೋರು. ಅವಳಿಗೆ ಹೇಳಲು ಮಾತ್ರ ನನಗೆ ಧೈರ್ಯ ಬರಲಿಲ್ಲ.

ಎದೆಯ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಕೊನೆಗೆ ಸಿಕ್ಕ ಡಾಕ್ಟರಮ್ಮ ಮೊದಲು ಕೇಳಿದ್ದೇ ಬೇರೆ: ರಾತ್ರಿ ಊಟ ಎಷ್ಟು ಗಂಟೆಗೆ, ಮಲಗುವುದು ಎಷ್ಟು ಗಂಟೆಗೆ? ಹತ್ತಕ್ಕೆ ಊಟ, ಹತ್ತೂವರೆಗೆ ಹಾಸಿಗೆ ಅಂದೆ. ಸಂಜೆ ಏನು ತಿಂತೀರಿ? ದಾವಣಗೆರೆಯವಳನ್ನು ಕೇಳುವ ಪ್ರಶ್ನೆಯೇ ಅದು? ಮಂಡಕ್ಕಿ, ಮೆಣಸಿನಕಾಯಿ, ಮೇಲೊಂದು ಚಹಾ.

"ಆಸಿಡ್ ಮೇಲೆ ಬರ್ತಾ ಇರಬಹುದು" ಅಂದರು. ನನಗೆ ಎದೆಯುರಿಯೇ ಇಲ್ವಲ್ಲ ಅಂತ ವಾದ ಮಾಡಿದೆ. ಉರಿ ಇರಲೇಬೇಕು ಅಂತ ಇಲ್ಲವಂತೆ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಬಳೆಯ ಹಾಗೆ ಒಂದು ಸ್ನಾಯು ಇದೆ. ನುಂಗಿದಾಗ ಬಿಚ್ಚಿಕೊಂಡು ಮತ್ತೆ ಬಿಗಿಯಬೇಕು. ಅದು ಸಡಿಲಾದರೆ ಹೊಟ್ಟೆಯ ಆಸಿಡ್ ಮೇಲೇರುತ್ತದೆ. ಕೆಲವರಿಗೆ ಅದು ಗಂಟಲವರೆಗೂ ಬಂದು ಧ್ವನಿಪೆಟ್ಟಿಗೆಯನ್ನು ಕೆಣಕುತ್ತದೆ. ಕೆಲವರಿಗೆ ಅಷ್ಟು ಮೇಲೆ ಬರಬೇಕಾಗಿಯೂ ಇಲ್ಲ. ಅನ್ನನಾಳಕ್ಕೂ ಶ್ವಾಸನಾಳಕ್ಕೂ ವೇಗಸ್ ಅನ್ನುವ ಒಂದೇ ನರದ ನಂಟು. ಕೆಳಗೆ ಚುರ್ ಅಂದರೆ ಮೇಲೆ ಕೆಮ್ಮು. ಕೆಮ್ಮಿದಾಗ ಹೊಟ್ಟೆ ಹಿಂಡುತ್ತದೆ, ಇನ್ನಷ್ಟು ಆಸಿಡ್ ಮೇಲೆ ಬರುತ್ತದೆ. ಗಾಣದೆತ್ತಿನ ಸುತ್ತು ನೋಡು.

ನೀನೂ ಒಂದು ವಾರ ಬರೆದಿಡು. ಊಟವಾದ ಮೇಲೆ ಕೆಮ್ಮು ಬರುತ್ತದಾ? ಬಗ್ಗಿದಾಗ, ಅಂಗಾತ ಮಲಗಿದಾಗ? ಬೆಳಗ್ಗೆ ದನಿ ಒಡೆದಿರುತ್ತದಾ, ಬಾಯಿ ಹುಳಿ ಹುಳಿಯಾ?

ಹಾಗಂತ ದೊಡ್ಡಮ್ಮ ಹೇಳಿದಳು ಅಂತ ನೀನೇ ತೀರ್ಮಾನ ಮಾಡಬೇಡ. ಮೊದಲು ಡಾಕ್ಟರ ಹತ್ತಿರ ಹೋಗು. ನಮ್ಮ ದೇಶದಲ್ಲಿ ಎರಡು ವಾರ ಮೀರಿದ ಕೆಮ್ಮಿಗೆ ಟಿ.ಬಿ. ಪರೀಕ್ಷೆ ಆಗಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ. ಆಸ್ತಮಾ ಇರಬಹುದು, ಮೂಗಿನ ಹಿಂದಿನಿಂದ ಗಂಟಲಿಗೆ ಇಳಿಯುವ ಸಿಂಬಳ ಇರಬಹುದು. ನಿನ್ನ ಅಪ್ಪನಿಗೂ ಒಂದು ಮಾತು ಹೇಳು: ಎನಾಲಪ್ರಿಲ್, ರಾಮಿಪ್ರಿಲ್ ತರಹದ ಬಿಪಿ ಮಾತ್ರೆಗಳೂ ಕೆಲವರಿಗೆ ಒಣ ಕೆಮ್ಮು ತರುತ್ತವೆ. ತಾನೇ ನಿಲ್ಲಿಸುವುದು ಬೇಡ, ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಲಿ. ಕೆಮ್ಮಿನಲ್ಲಿ ರಕ್ತ ಕಂಡರೆ, ಸುಮ್ನೆ ತೂಕ ಇಳಿದರೆ, ನುಂಗಲು ಕಷ್ಟವಾದರೆ, ಮಲ ಕಪ್ಪಾದರೆ, ಉಸಿರು ಕಟ್ಟಿದರೆ ಒಂದು ದಿನವೂ ತಡ ಮಾಡಬೇಡ.

ಆಸಿಡ್ಡೇ ಅಂತ ಡಾಕ್ಟರೂ ಹೇಳಿದರೆ, ಮಾತ್ರೆ ನುಂಗಿದೆ ಮುಗಿಯಿತು ಅಂದುಕೊಳ್ಳಬೇಡ. ಎದೆಯುರಿ ಇಲ್ಲದವರ ಕೆಮ್ಮಿಗೆ ಬರೀ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ನನಗೆ ಗುಣ ಕೊಟ್ಟದ್ದು ಊಟದ ಗಂಟೆ ಮತ್ತು ಎರಡು ಇಟ್ಟಿಗೆ. ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಬಿಡು. ನೀನು ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತರಿಸುವ ವಿಷಯ ನಿಮ್ಮಮ್ಮ ಹೇಳಿದ್ದಾಳೆ, ಮುಚ್ಚಿಡಬೇಡ. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯನ್ನೋ ಮರದ ತುಂಡನ್ನೋ ಇಟ್ಟು 6ರಿಂದ 8 ಇಂಚು ಎತ್ತರಿಸು. ದಿಂಬಿನ ಮೇಲೆ ದಿಂಬು ಹಾಕಿದರೆ ಕತ್ತು ಏಳುತ್ತದೆ, ಹೊಟ್ಟೆ ಮಡಚಿಕೊಳ್ಳುತ್ತದೆ, ಉಪಯೋಗವಿಲ್ಲ. ನಿಮ್ಮ ದೊಡ್ಡಪ್ಪ ಮೊದಲ ವಾರ ರಾತ್ರಿಯೆಲ್ಲಾ ಕಾಲ ಕಡೆಗೆ ಜಾರಿ ಜಾರಿ ಬೈದರು. ಆಮೇಲೆ ಒಗ್ಗಿಹೋಯಿತು. ಎಡಮಗ್ಗುಲಲ್ಲಿ ಮಲಗುವುದೂ ಒಳ್ಳೆಯದು.

ಹೊಟ್ಟೆ ಕರಗಿಸು, ಬೆಲ್ಟು ಸಡಿಲಿಸು. ಸಿಗರೇಟಿನ ಬಗ್ಗೆ ನಾನು ಕೇಳುವುದಿಲ್ಲ, ನೀನು ಬಿಡು ಅಷ್ಟೇ. ಕೆಮ್ಮಿಗೆ ಅಂತ ಪುದೀನ ಗುಳಿಗೆ ಚೀಪುತ್ತೀಯಲ್ಲ, ಪುದೀನವೂ ಅನ್ನನಾಳದ ಕೆಳಗಿನ ಆ ಬಳೆ ಸ್ನಾಯುವನ್ನು ಸಡಿಲಿಸುತ್ತದೆ. ಗಂಟಲು ಕೆರೆದಾಗ ಖ್ಯಾಕರಿಸದೆ ಒಂದು ಗುಟುಕು ನೀರು ಕುಡಿ. ಕಾಫಿ ಪೂರ್ತಿ ಬಿಡು ಅಂತ ಹೇಳಲು ನನಗೇ ಮನಸ್ಸಿಲ್ಲ. ಬೆಳಗ್ಗೆ ಒಂದು ಲೋಟ ಕುಡಿದು ನೋಡು, ಕೆಮ್ಮು ಬಂದರೆ ನಿನಗೇ ಗೊತ್ತಾಗುತ್ತದೆ.

ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ತರಹದ ಮಾತ್ರೆ ಬರೆದುಕೊಟ್ಟರೆ ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಗೆ. ತಿಂಡಿಯಾದ ಮೇಲೆ ತಿಂದರೆ ಅರ್ಧ ದಂಡ. ಉರಿ ಬೇಗ ಇಳಿಯುತ್ತದೆ, ಕೆಮ್ಮು ಇಳಿಯಲು ಎರಡು ಮೂರು ತಿಂಗಳೇ ಬೇಕು. ಹತ್ತು ದಿನಕ್ಕೆ ಡಾಕ್ಟರನ್ನು ಬದಲಿಸಬೇಡ. ನಾನು ಬದಲಿಸಿದ್ದೆ, ತಪ್ಪು ಮಾಡಿದೆ. ಅಂಗಡಿಯಿಂದ ನೀನೇ ತಂದು ವರ್ಷಗಟ್ಟಲೆ ನುಂಗುವುದೂ ಬೇಡ. ತುಂಬಾ ದಿನ ತಿಂದು ಒಮ್ಮೆಲೇ ನಿಲ್ಲಿಸಿದರೆ ಆಸಿಡ್ ಇನ್ನೂ ಜೋರಾಗಿ ಉಕ್ಕುತ್ತದೆ. ನಿಲ್ಲಿಸುವುದನ್ನೂ ಡಾಕ್ಟರನ್ನೇ ಕೇಳು.

ಮುಂದಿನ ತಿಂಗಳು ಬರುತ್ತೀಯಲ್ಲ, ಬೆಣ್ಣೆ ದೋಸೆ ಬೆಳಗ್ಗೆ ತಿನ್ನೋಣ. ರಾತ್ರಿ ಏಳೂವರೆಗೆ ಊಟ. ಮಹಡಿ ಮೇಲಿನ ಮಂಚಕ್ಕೂ ಇಟ್ಟಿಗೆ ಇಡಿಸಿದ್ದೇನೆ.

ನಿನ್ನ ದೊಡ್ಡಮ್ಮ