ನನ್ನ ಸೀಟಿಗೆ ದುಡ್ಡು ಕಟ್ಟಿದವರಿಗೆ

ಹೋದ ವಾರ ಒಂದು ಇಮೇಲ್ ಬಂತು. ವಿಶ್ವವಿದ್ಯಾಲಯಗಳಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರಿಗಾಗಿ ನಡೆಯುವ ಅಂತರರಾಷ್ಟ್ರೀಯ ತರಬೇತಿಯಲ್ಲಿ ಈ ಸಲ ನಾನೂ ಪಾಠ ಮಾಡಬೇಕು ಅಂತ ಅದರಲ್ಲಿತ್ತು. ಮೂರು ವರ್ಷದ ಹಿಂದೆ ಇದೇ ತರಬೇತಿಗೆ ನಾನು ಕಲಿಯಲು ಸೇರಿದ್ದೆ. ಆಗ ಶುಲ್ಕ ಕಟ್ಟುವ ಶಕ್ತಿ ನನಗಿರಲಿಲ್ಲ. ಯಾರೋ ಪ್ರಾಯೋಜಕರು ನನ್ನ ಸೀಟಿಗೆ ದುಡ್ಡು ಕಟ್ಟಿದ್ದರು. ಅವರ ಮುಖವನ್ನು ಇವತ್ತಿನವರೆಗೂ ನೋಡಿಲ್ಲ. ಇಮೇಲ್ ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಅವರಿಗೆ ತಲುಪಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಹಿಂದಿನ 14 ವರ್ಷ ನಾನು ಒಂಟಿಯಾಗಿ ಪಾಠ ಮಾಡಿದ್ದೆ. ನಾನು ಕೆಲಸ ಮಾಡುವ ಕಡೆ ಸಂಖ್ಯಾಶಾಸ್ತ್ರಕ್ಕೆ ಅಂತ ಬೇರೆ ಯಾರೂ ಇರಲಿಲ್ಲ. ಜೀವಶಾಸ್ತ್ರದವರಿಗೂ ನಾನೇ, ವಾಣಿಜ್ಯದವರಿಗೂ ನಾನೇ, ಮನಶ್ಶಾಸ್ತ್ರದವರಿಗೂ ನಾನೇ. ಬೋರ್ಡಿನ ಮೇಲೆ ಸೂತ್ರ ಬರೆಯುವುದು, ಸಂಖ್ಯೆ ಹಾಕುವುದು, ಉತ್ತರದ ಕೆಳಗೆ ಎರಡು ಗೆರೆ ಎಳೆಯುವುದು. ಮಕ್ಕಳು ಪಾಸಾಗುತ್ತಿದ್ದರು. ಆದರೆ ಎರಡು ವರ್ಷ ಬಿಟ್ಟು ತಮ್ಮ ಸಂಶೋಧನೆಯ ಡೇಟಾ ಹಿಡಿದು ಬಂದಾಗ ಎಲ್ಲಿಂದ ಶುರು ಮಾಡಬೇಕು ಅಂತ ಅವರಿಗೆ ಗೊತ್ತಿರುತ್ತಿರಲಿಲ್ಲ. ನಾನು ಕಲಿಸುವುದರಲ್ಲೇ ಏನೋ ತಪ್ಪಿದೆ ಅಂತ ಅನ್ನಿಸುತ್ತಿತ್ತು. ಕೇಳೋಣ ಅಂದರೆ ಪಕ್ಕದಲ್ಲಿ ಇದೇ ಪಾಠ ಮಾಡುವ ಇನ್ನೊಬ್ಬರು ಬೇಕಲ್ವಾ?

ತರಬೇತಿಯ ಮೊದಲ ದಿನ ಆನ್‌ಲೈನ್‌ನಲ್ಲಿ ನಮ್ಮನ್ನು ನಾಲ್ಕು ಗುಂಪು ಮಾಡಿದರು. ಪ್ರತಿ ಗುಂಪಿಗೂ 11 ಜೋಡಿ ಸಂಖ್ಯೆ ಕೊಟ್ಟರು. ಜೋಡಿಯ ಮೊದಲನೆಯದು ಎಕ್ಸ್, ಎರಡನೆಯದು ವೈ. ಗ್ರಾಫ್ ಹಾಕಬೇಡಿ, ಲೆಕ್ಕ ಮಾತ್ರ ಮಾಡಿ ಅಂದರು. ಎಲ್ಲರೂ ವಾಪಸ್ ಬಂದು ಉತ್ತರ ಹೇಳಿದೆವು. ಎಕ್ಸ್ ಸರಾಸರಿ 9. ವೈ ಸರಾಸರಿ 7.5. ಎರಡೂ ಎಷ್ಟರ ಮಟ್ಟಿಗೆ ಒಟ್ಟೊಟ್ಟಿಗೆ ಏರಿಳಿಯುತ್ತವೆ ಅಂತ ಹೇಳುವ ಸಹಸಂಬಂಧ 0.82. ನಾಲ್ಕೂ ಗುಂಪಿಗೆ ಒಂದೇ ಉತ್ತರ, ಡೇಟಾಗೆ ಚೆನ್ನಾಗಿ ಹೊಂದುವ ನೇರ ಗೆರೆ, ಅಂದರೆ ರಿಗ್ರೆಷನ್ ಗೆರೆಯೂ ಒಂದೇ. ಎಲ್ಲರಿಗೂ ಒಂದೇ ಡೇಟಾ ಕೊಟ್ಟಿದ್ದಾರೆ ಅಂದುಕೊಂಡೆವು. ಆಮೇಲೆ ಗ್ರಾಫ್ ಹಾಕಿಸಿದರು. ಒಂದರಲ್ಲಿ ಚುಕ್ಕೆಗಳು ಗೆರೆಯ ಸುತ್ತ ಹರಡಿದ್ದವು. ಇನ್ನೊಂದರಲ್ಲಿ ಬಿಲ್ಲಿನ ಹಾಗೆ ಬಾಗಿದ್ದವು. ಮೂರನೆಯದರಲ್ಲಿ ಎಲ್ಲ ಚುಕ್ಕೆಯೂ ಒಂದೇ ಸಾಲಿನಲ್ಲಿ, ಒಂದು ಮಾತ್ರ ಹೊರಗೆ. ನಮ್ಮ ಗುಂಪಿನದು ನಾಲ್ಕನೆಯದು. ಹತ್ತು ಚುಕ್ಕೆ 8ರ ಮೇಲೆ ಕಂಬದ ಹಾಗೆ ನಿಂತಿದ್ದವು, ಹನ್ನೊಂದನೆಯದು ದೂರದ 19ರಲ್ಲಿ ಒಂಟಿಯಾಗಿತ್ತು. ಆ ಒಂದು ಚುಕ್ಕೆ ತೆಗೆದರೆ ಗೆರೆಯೇ ಇಲ್ಲ!

ಇದು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ ಕೊಟ್ಟ ಹೆಸರಾಂತ ಉದಾಹರಣೆ. ಪುಸ್ತಕದಲ್ಲಿ ನಾನು ಎಷ್ಟೋ ಸಲ ನೋಡಿದ್ದೆ. ನಾಲ್ಕೂ ಚಿತ್ರ ಅಕ್ಕಪಕ್ಕ ಇರುವುದರಿಂದ ಪುಟ ತಿರುಗಿಸಿ ಮುಂದೆ ಹೋಗಿದ್ದೆ. ಮೊದಲು ಲೆಕ್ಕ ಮಾಡಿಸಿ, ನಂಬಿಸಿ, ಆಮೇಲೆ ಚಿತ್ರ ತೋರಿಸಬೇಕು ಅನ್ನುವುದು ಹೊಳೆದಿರಲಿಲ್ಲ. ಅವತ್ತು ಆ ಪಾಠ ಮಾಡಿದ ಮೇಡಂ, ನಿಮಗೆ ನನ್ನ ಮೊದಲ ನಮಸ್ಕಾರ.

ಎರಡನೆಯ ನಮಸ್ಕಾರ ನನ್ನ ತಪ್ಪು ಹಿಡಿದವರಿಗೆ. ಎರಡನೇ ವಾರ ಪ್ರತಿಯೊಬ್ಬರೂ ಉಳಿದವರ ಮುಂದೆ 15 ನಿಮಿಷ ಪಾಠ ಮಾಡಬೇಕಿತ್ತು. ನಾನು ಪಿ-ವ್ಯಾಲ್ಯೂ ತಗೊಂಡೆ. ಡೇಟಾದಲ್ಲಿ ಕಂಡ ವ್ಯತ್ಯಾಸ ಆಕಸ್ಮಿಕವಾಗಿ ಬಂದಿರಬಹುದೇ ಅಂತ ಪರೀಕ್ಷಿಸಲು ಬಳಸುವ ಸಂಖ್ಯೆ ಅದು. "ಪಿ-ವ್ಯಾಲ್ಯೂ 0.03 ಬಂದರೆ ಎರಡು ಗುಂಪಿನ ನಡುವೆ ವ್ಯತ್ಯಾಸ ಇಲ್ಲದಿರುವ ಸಾಧ್ಯತೆ ನೂರಕ್ಕೆ ಮೂರು" ಅಂದೆ. 14 ವರ್ಷ ಹಾಗೇ ಹೇಳಿಕೊಟ್ಟಿದ್ದೆ. ಯಾರೂ ನಗಲಿಲ್ಲ. ತರಬೇತುದಾರರು ನನ್ನ ಪಾಠ ಮುಗಿಯುವವರೆಗೂ ಕಾದರು. ಆಮೇಲೆ ಎಲ್ಲರಿಗೂ 20 ಚೀಟಿ ಕತ್ತರಿಸಿಕೊಳ್ಳಲು ಹೇಳಿದರು.

ಹತ್ತು ಹತ್ತು ಮಕ್ಕಳ ಎರಡು ಗುಂಪು. ಪ್ರತಿ ಚೀಟಿಯ ಮೇಲೆ ಒಬ್ಬರ ಅಂಕ. ಗುಂಪಿಗೂ ಅಂಕಕ್ಕೂ ಏನೂ ಸಂಬಂಧವೇ ಇಲ್ಲ ಅಂತ ಇಟ್ಟುಕೊಳ್ಳಿ ಅಂದರು. ಹಾಗಿದ್ದರೆ ಚೀಟಿ ಕಲಸಿ ಮತ್ತೆ ಹತ್ತು ಹತ್ತು ಹಂಚಿದರೂ ತಪ್ಪೇನಿಲ್ಲ. ಹಂಚಿ, ಸರಾಸರಿಗಳ ವ್ಯತ್ಯಾಸ ಬರೆದುಕೊಂಡೆವು. ಮತ್ತೆ ಕಲಸಿದೆವು. ಇಪ್ಪತ್ತು ಜನ ನಮ್ಮ ನಮ್ಮ ಮೇಜಿನ ಮೇಲೆ ಹತ್ತು ಹತ್ತು ಸಲ ಮಾಡಿದೆವು, ಒಟ್ಟು 200 ಸಲ. ಮೂಲ ಡೇಟಾದಲ್ಲಿದ್ದಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬಂದಿದ್ದು ಏಳು ಸಲ. 200ಕ್ಕೆ ಏಳು, ಅಂದರೆ 0.035. ಪಿ-ವ್ಯಾಲ್ಯೂ ಅಂದರೆ ಇದೇ. ಸಂಬಂಧ ಇಲ್ಲ ಅಂತ ಮೊದಲೇ ಒಪ್ಪಿಕೊಂಡು ಮಾಡಿದ ಲೆಕ್ಕ. ಹಾಗಿರುವಾಗ ಸಂಬಂಧ ಇಲ್ಲದಿರುವ ಸಾಧ್ಯತೆ ಎಷ್ಟು ಅಂತ ಅದೇ ಲೆಕ್ಕ ಹೇಗೆ ಹೇಳುತ್ತದೆ? ಚೀಟಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟು ಮಕ್ಕಳಿಗೆ ತಪ್ಪು ಹೇಳಿಕೊಟ್ಟೆ ಅನ್ನುವ ಸಂಕಟ. ಮರುದಿನ ಗುಂಪಿನ ಒಬ್ಬರು ನನಗೊಂದು ಸಂಶೋಧನಾ ಲೇಖನ ಕಳಿಸಿದರು. 2002ರಲ್ಲಿ ಪ್ರಕಟವಾದದ್ದು. ಜರ್ಮನಿಯ ಆರು ವಿಶ್ವವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರದವರ ಮುಂದೆ ಇಂಥದ್ದೇ ಆರು ಹೇಳಿಕೆ ಇಟ್ಟಿದ್ದರು. ಆರೂ ತಪ್ಪು. ಆದರೆ ಸಂಖ್ಯಾಶಾಸ್ತ್ರ ಕಲಿಸುವವರಲ್ಲೇ 80% ಜನ ಕನಿಷ್ಠ ಒಂದನ್ನಾದರೂ ಸರಿ ಅಂದಿದ್ದರು. "ಇದು ನಿಮ್ಮೊಬ್ಬರ ತಪ್ಪಲ್ಲ, ನಮಗೆ ಕಲಿಸಿದ ರೀತಿಯೇ ಹೀಗೆ" ಅಂತ ಅವರು ಕೆಳಗೆ ಬರೆದಿದ್ದರು. ಆ ಒಂದು ಸಾಲಿಗೆ ನಾನು ಋಣಿ. ಅವರ ಊರಿನಲ್ಲಿ ಆಗ ನಡುರಾತ್ರಿ.

ಪ್ರಾಯೋಜಕರಿಗೆ ಒಂದು ಮಾತು ಬಿಚ್ಚಿ ಹೇಳಬೇಕು. ಶಿಕ್ಷಣಕ್ಕೆ ನೆರವು ಅಂದರೆ ಎಷ್ಟೋ ಜನ ದುಬಾರಿ ಸಾಫ್ಟ್‌ವೇರ್ ಕೊಡಿಸುತ್ತಾರೆ. ಲೈಸೆನ್ಸ್ ಒಂದು ವರ್ಷಕ್ಕೆ ಮುಗಿಯುತ್ತದೆ, ಪಾಠವೂ ಅಲ್ಲಿಗೇ ನಿಲ್ಲುತ್ತದೆ. ನೀವು ಹಾಗೆ ಮಾಡಲಿಲ್ಲ. ತರಬೇತಿ ನಡೆದಿದ್ದು ಡೇಟಾದ ಲೆಕ್ಕಕ್ಕೂ ಗ್ರಾಫಿಗೂ ಬಳಸುವ ಆರ್ (R) ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ತಮ್ಮ ಪಾಠಕ್ಕೆ ಅಂತ ಶುರು ಮಾಡಿದ ಭಾಷೆ ಅದು. 1995ರಿಂದ ಎಲ್ಲರಿಗೂ ಉಚಿತ. ನಿಮ್ಮ ದುಡ್ಡು ಹೋಗಿದ್ದು ಮನುಷ್ಯರ ಸಮಯಕ್ಕೆ. ನನ್ನ ಪಾಠ ಕೂತು ನೋಡಿದವರಿಗೆ, ಪಾಠದ ಹಾಳೆಗಳನ್ನು ಬೇರೆ ಬೇರೆ ಭಾಷೆಗೆ ತಂದವರಿಗೆ, ಇಂಟರ್‌ನೆಟ್ ಖರ್ಚು ಹೊರಲಾಗದವರಿಗೆ. ನನ್ನ ಪ್ರಕಾರ ಇದೇ ಸರಿಯಾದ ದಾರಿ.

ಈ ದಾರಿ ಹೊಸದೂ ಅಲ್ಲ. 1950ರಲ್ಲೇ ಕಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಶಿಕ್ಷಣ ಕೇಂದ್ರ ಶುರುವಾಗಿತ್ತು. ಆ ಸಂಸ್ಥೆ ಕಟ್ಟಿದ ಮಹಾಲನೋಬಿಸ್ ಅವರ ಕಾಲ. ಏಷ್ಯಾ, ಆಫ್ರಿಕಾದ ಎಷ್ಟೋ ದೇಶಗಳಿಂದ ಜನ ಅಲ್ಲಿ ಬಂದು ಕಲಿತು ತಮ್ಮ ದೇಶಕ್ಕೆ ಹೋಗಿ ಕೆಲಸ ಮಾಡಿದರು. ಅವರ ಹಿಂದೆಯೂ ಹೀಗೇ ಯಾರೋ ಖರ್ಚು ಹೊತ್ತಿದ್ದರು ಅನ್ನುವುದನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಇನ್ನೂ ಕೆಲವರಿದ್ದಾರೆ. ತರಬೇತಿಯ ಆರು ವಾರ ನನ್ನ ತರಗತಿಗಳನ್ನು ತಾವು ತಗೊಂಡ ಗಣಿತ ವಿಭಾಗದ ಸಹೋದ್ಯೋಗಿಗಳು. ರಾತ್ರಿ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಕೂತಾಗ ಸದ್ದು ಮಾಡದೆ ಓಡಾಡಿದ ಮನೆಯವರು. ಮತ್ತೆ, ನಾನು ವಾಪಸ್ ಬಂದು "ಪಿ-ವ್ಯಾಲ್ಯೂ ಬಗ್ಗೆ ಹಿಂದೆ ಹೇಳಿದ್ದು ತಪ್ಪು" ಅಂದಾಗ ನೋಟ್ಸ್‌ನಲ್ಲಿ ಆ ಪುಟ ಹೊಡೆದು ಹಾಕಿ ಹೊಸ ಹಾಳೆ ತೆಗೆದ ನನ್ನ ಮಕ್ಕಳು. ಅದೇ ವರ್ಷ ಅವರು ತಮ್ಮದೇ ಡೇಟಾ ತಂದರು. ಎಷ್ಟು ಹೊತ್ತು ಮಲಗುತ್ತೇವೆ, ತರಗತಿಗೆ ಬರಲು ಎಷ್ಟು ನಿಮಿಷ ಬೇಕು, ಇಂಥವು. ಸರಾಸರಿ ಹೇಳುವ ಮೊದಲೇ ಒಂದು ಹುಡುಗಿ ಎದ್ದು ನಿಂತು, "ಮೊದಲು ಗ್ರಾಫ್ ನೋಡೋಣ" ಅಂದಳು. ಆ ದಿನ ಮರೆಯುವುದಿಲ್ಲ.

ಸೀಟು ಕೊಟ್ಟವರು ವಾಪಸ್ ಕೇಳಿದ್ದು ಒಂದೇ: ಕಲಿತದ್ದನ್ನು ಇನ್ನಿಬ್ಬರು ಅಧ್ಯಾಪಕರಿಗೆ ಕಲಿಸಿ. ಐದು ಜನರಿಗೆ ಕಲಿಸಿದ್ದೇನೆ. ಅವರಲ್ಲಿ ಇಬ್ಬರು ಈಗ ನನ್ನ ಪಾಠದ ತಪ್ಪು ಹಿಡಿಯುತ್ತಾರೆ. ನಾನೀಗ ಒಂಟಿಯಲ್ಲ.

ಹೊಸ ತಂಡ ಸೋಮವಾರ ಶುರು. ನನ್ನದು ಎರಡನೇ ವಾರ, ಪಿ-ವ್ಯಾಲ್ಯೂ ಪಾಠ. ಅವತ್ತು ಕತ್ತರಿಸಿದ ಚೀಟಿಗಳನ್ನೇ ಇಟ್ಟುಕೊಂಡಿದ್ದೇನೆ, ಅಂಚು ಸ್ವಲ್ಪ ಸವೆದಿದೆ. ನಿನ್ನೆ ಎಣಿಸಿ ನೋಡಿದೆ. ಇಪ್ಪತ್ತೂ ಇವೆ.